ಹರೆಯದ ಮಕ್ಕಳ ಮನೋರೋಗ ಮತ್ತು ತಂದೆತಾಯಿಗಳ ಕರ್ತವ್ಯ



ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೇ ಅಲ್ಲ. ಹುಟ್ಟಿದ ಮಕ್ಕಳು ದೇಹದಲ್ಲಿಯೂ ಮನಸ್ಸಿನಲ್ಲಿಯೂ ಆರೋಗ್ಯವಂತರಾಗಿ ಬೆಳೆಯುವಂತೆ ನೋಡಿಕೊಳ್ಳುವುದೂ ಅದರಲ್ಲಿ ಸೇರಿದೆ. ಕೂಸಿಗೆ ಲಸಿಕೆ ಹಾಕಿಸುವುದನ್ನೂ ಭೇದಿಯಾದಾಗ ಉಪ್ಪು ಸಕ್ಕರೆಯ ನೀರು ಕುಡಿಸುವುದನ್ನೂ ನೀವು ಚೆನ್ನಾಗಿ ಬಲ್ಲಿರಿ. ಆದರೆ ಹದಿನಾಲ್ಕು, ಹದಿನಾರು ವರ್ಷದ ಮಗನಾಗಲಿ ಮಗಳಾಗಲಿ ಮನಸ್ಸಿನ ಕಾಯಿಲೆಗೆ ಒಳಗಾದರೆ ಏನು ಮಾಡಬೇಕೆಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಆದುದರಿಂದ ಈ ಪಾಠವನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕುಳಿತು ಓದಬೇಕೆಂದು ಕೋರುತ್ತೇನೆ. ಒಬ್ಬರಿಗೆ ಓದಲು ಬಾರದಿದ್ದರೆ ಇನ್ನೊಬ್ಬರು ಓದಿ ಹೇಳಿರಿ.

ಒಂದು ಮನೆಯ ವೃತ್ತಾಂತ

ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಕಡೆಯ ಒಂದು ಹಳ್ಳಿಯಿಂದ ದಂಪತಿಗಳಿಬ್ಬರು ತಮ್ಮ ಹದಿನಾರು ವರ್ಷದ ಮಗನನ್ನು ನನ್ನ ಬಳಿಗೆ ಕರೆತಂದರು. ಹುಡುಗನು ಹತ್ತನೆಯ ತರಗತಿಯಲ್ಲಿ ಉತ್ತಮ ಅಂಕಗಳನ್ನು ಪಡೆದು ಕಾಲೇಜು ಸೇರಿದ್ದನು. ಕೆಲವು ತಿಂಗಳುಗಳಲ್ಲಿ ಅವನು ಗೆಳೆಯರನ್ನು ಬಿಟ್ಟನು, ಸ್ನಾನವನ್ನು ಬಿಟ್ಟನು, ರಾತ್ರಿಯ ನಿದ್ದೆಯನ್ನೂ ಬಿಟ್ಟನು. ಊಟದಲ್ಲಿ ಯಾರೋ ವಿಷ ಬೆರೆಸಿದ್ದಾರೆಂದು ತಟ್ಟೆಯನ್ನು ದೂಡುತ್ತಿದ್ದನು. ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗೋ ಉತ್ತರ ಕೊಡುತ್ತಿದ್ದನು.

ತಂದೆಯು ಮೊದಲು ಇದನ್ನು ಸೋಮಾರಿತನವೆಂದು ತಿಳಿದು ಬೈದರು, ಬಳಿಕ ಹೊಡೆದರು. ಬಂಧುಗಳು ಗಾಳಿ ಸೋಕಿದೆಯೆಂದರು, ಮಾಟವಾಗಿದೆಯೆಂದರು. ಒಂದು ಎಕರೆ ಗದ್ದೆಯನ್ನು ಲಾವಣಿಗೆ ಕೊಟ್ಟು ಬಂದ ಹಣವೆಲ್ಲವೂ ತಾಯತ, ಮಂತ್ರ, ಪ್ರಯಾಣಗಳಿಗೆ ವೆಚ್ಚವಾಯಿತು. ಹೀಗೆ ಒಂಬತ್ತು ತಿಂಗಳು ಕಳೆದುಹೋದುವು. “ಇವನು ನನ್ನ ಮಗನಂತೆಯೇ ಇಲ್ಲ ಡಾಕ್ಟರೇ, ಬೇರೆ ಯಾರೋ ಮನೆಯಲ್ಲಿ ಬಂದು ಕುಳಿತಂತಾಗಿದೆ” ಎಂದು ಆ ತಾಯಿ ಹೇಳಿದರು. ತಂದೆಯು ಏನನ್ನೂ ಹೇಳಲಿಲ್ಲ. ತಾನು ಮಗನಿಗೆ ಹೊಡೆದ ತನ್ನ ಕೈಯನ್ನೇ ನೋಡುತ್ತ ಕುಳಿತಿದ್ದರು.

ಚಿಕಿತ್ಸೆ ಆರಂಭವಾಗಿ ನಾಲ್ಕು ತಿಂಗಳಲ್ಲಿ ಹುಡುಗನು ಎಷ್ಟೋ ಗುಣಮುಖನಾದನು. ಗುಣವಾಯಿತೆಂದು ಭಾವಿಸಿ ತಂದೆಯು ಮಾತ್ರೆಗಳನ್ನು ನಿಲ್ಲಿಸಿದರು. ಒಂದು ತಿಂಗಳಾಗುವುದರೊಳಗೆ ಕಾಯಿಲೆ ಮರುಕಳಿಸಿತು. ಪುನಃ ಚಿಕಿತ್ಸೆಯಾಯಿತು. ಆ ಹುಡುಗನಿಗೆ ಒಂದು ಶೈಕ್ಷಣಿಕ ವರ್ಷ ನಷ್ಟವಾಯಿತು. ಮೊದಲಿನ ಚುರುಕು ಪೂರ್ಣವಾಗಿ ಬಂದಿಲ್ಲ. ಆದರೂ ಇಂದು ಅವನು ಕೈಕೆಲಸದ ತರಬೇತಿ ಪಡೆದು ದುಡಿಯುತ್ತಿದ್ದಾನೆ, ಮಾತ್ರೆಯನ್ನು ತಪ್ಪದೆ ಸೇವಿಸುತ್ತಿದ್ದಾನೆ. ಮೊದಲ ತಿಂಗಳಲ್ಲಿಯೇ ಬಂದಿದ್ದರೆ ಆ ಕುಟುಂಬದ ನಷ್ಟ ಬಹುಮಟ್ಟಿಗೆ ತಪ್ಪುತ್ತಿತ್ತು. ನಿಮ್ಮ ಮನೆಯಲ್ಲಿ ಆ ಒಂಬತ್ತು ತಿಂಗಳು ವ್ಯರ್ಥವಾಗಬಾರದೆಂಬುದೇ ಈ ಪಾಠದ ಉದ್ದೇಶ.

ಇದು ನಿಮ್ಮೊಬ್ಬರ ಮನೆಯ ಮಾತಲ್ಲ

ಇಂತಹ ಕಷ್ಟ ಬಂದಾಗ ಪ್ರತಿಯೊಂದು ಕುಟುಂಬವೂ ಇದು ತನಗೊಬ್ಬರಿಗೇ ಬಂದ ಗತಿಯೆಂದು ಭಾವಿಸುತ್ತದೆ. ಅದು ಸರಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಎಂದರೆ ಐವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಮೂರು ನಾಲ್ಕು ಮಕ್ಕಳಾದರೂ ಈ ಭಾರವನ್ನು ಹೊತ್ತು ಕುಳಿತಿರಬಹುದು. ದೊಡ್ಡವರಲ್ಲಿ ಕಾಣುವ ಮನೋರೋಗಗಳಲ್ಲಿ ಅನೇಕವು ಹರೆಯದಲ್ಲಿಯೇ ಮೊದಲಾಗುತ್ತವೆ.

ಸಹಜ ಸ್ವಭಾವ ಯಾವುದು? ಕಾಯಿಲೆ ಯಾವುದು?

ಹರೆಯದಲ್ಲಿ ಮಕ್ಕಳು ಎದುರುತ್ತರ ಕೊಡುವುದು, ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದು, ಬೇಗನೆ ಸಿಟ್ಟಾಗುವುದು, ತಂದೆತಾಯಿಗಳಿಗಿಂತ ಗೆಳೆಯರನ್ನು ಹೆಚ್ಚು ಬಯಸುವುದು ಸಹಜ. ಇದು ಕಾಯಿಲೆಯಲ್ಲ. ಆದರೆ ಈ ಮುಂದಿನ ಲಕ್ಷಣಗಳು ಎರಡು ವಾರಗಳಿಗಿಂತ ಹೆಚ್ಚು ಕಾಲ ಕಂಡುಬಂದು, ಓದು, ಊಟ, ನಿದ್ದೆ, ಕೆಲಸಗಳನ್ನು ಕೆಡಿಸುತ್ತಿದ್ದರೆ ವೈದ್ಯರಿಗೆ ತೋರಿಸಬೇಕು.

1. ಸದಾ ದುಃಖ, ಅಳು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ತಾನು ಯಾರಿಗೂ ಬೇಡವೆಂಬ ಮಾತು. ಇವು ಖಿನ್ನತೆಯ ಲಕ್ಷಣಗಳು. ಹರೆಯದವರಲ್ಲಿ ದುಃಖಕ್ಕೆ ಬದಲಾಗಿ ಸಿಡುಕೇ ಎದ್ದು ಕಾಣಬಹುದು.

2. ನಿದ್ದೆಯಿಲ್ಲದಿದ್ದರೂ ಆಯಾಸವಿಲ್ಲದಿರುವುದು, ಅತಿಯಾದ ಮಾತು, ತನಗೆ ಅಪಾರ ಶಕ್ತಿಯುಂಟೆಂಬ ಭಾವನೆ, ಕೈಗೆ ಸಿಕ್ಕ ಹಣವನ್ನು ಚೆಲ್ಲುವುದು. ಇದು ಉನ್ಮಾದದ ಲಕ್ಷಣ.

3. ಇಲ್ಲದ ಧ್ವನಿಗಳು ಕೇಳಿಸುವುದು, ಕಾರಣವಿಲ್ಲದ ಸಂಶಯ, ಒಬ್ಬನೇ ಮಾತನಾಡುವುದು ಮತ್ತು ನಗುವುದು, ಮೈಯ ಶುಚಿತ್ವವನ್ನು ಮರೆಯುವುದು. ಇವು ಸ್ಕಿಜೋಫ್ರೀನಿಯಾ ಮೊದಲಾದ ಚಿತ್ತವಿಕಲತೆಯ ಲಕ್ಷಣಗಳು.

4. ಶಾಲೆಗೆ ಹೋಗಲು ವಿಪರೀತ ಭಯ, ಎದೆ ಬಡಿತ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು, ಕೈಗಳನ್ನು ಎಡೆಬಿಡದೆ ತೊಳೆಯುವುದು. ಇವು ಆತಂಕ ಹಾಗೂ ಗೀಳಿನ ಕಾಯಿಲೆಗಳ ಲಕ್ಷಣಗಳು.

ಒಂದು ಎಚ್ಚರಿಕೆ: ಜ್ವರ, ತಲೆಗೆ ಪೆಟ್ಟು ಅಥವಾ ಮೂರ್ಛೆಯ ಬಳಿಕ ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಲಾರಂಭಿಸಿದರೆ ಅದು ಮಿದುಳಿನ ಸೋಂಕೋ ಪೆಟ್ಟೋ ಆಗಿರಬಹುದು. ಅಂತಹ ಸಂದರ್ಭದಲ್ಲಿ ಒಂದು ದಿನವನ್ನೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕಾರಣವೇನು?

“ನಾವು ಮಾಡಿದ ಯಾವ ತಪ್ಪಿಗೆ ಈ ಶಿಕ್ಷೆ?” ಎಂದು ತಂದೆತಾಯಿಗಳು ಕೇಳುವುದುಂಟು. ಇದು ಶಿಕ್ಷೆಯಲ್ಲ, ಕಾಯಿಲೆ. ಮಿದುಳಿನಲ್ಲಿರುವ ಕೆಲವು ರಾಸಾಯನಿಕಗಳ ಏರುಪೇರು, ವಂಶಪಾರಂಪರ್ಯ, ಬದುಕಿನ ಆಘಾತಗಳು, ಗಾಂಜಾ, ಮದ್ಯ ಮೊದಲಾದುವುಗಳ ಸೇವನೆ ಇವೆಲ್ಲ ಕೂಡಿ ಕಾಯಿಲೆಗೆ ದಾರಿ ಮಾಡುತ್ತವೆ. ಯಾವುದೋ ಒಂದು ಬೈಗುಳದಿಂದಾಗಲಿ, ತಾಯಿ ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಾಗಲಿ ಚಿತ್ತವಿಕಲತೆ ಬರುವುದಿಲ್ಲ.

ವಂಶಪಾರಂಪರ್ಯದ ಮಾತನ್ನೂ ಸರಿಯಾಗಿ ತಿಳಿಯಬೇಕು. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೀನಿಯಾ ಇದ್ದರೆ ಮಗುವಿಗೆ ಅದು ಬರುವ ಸಂಭವ ನೂರಕ್ಕೆ ಸುಮಾರು ಹತ್ತು. ಉಳಿದ ತೊಂಬತ್ತು ಮಂದಿ ಮಕ್ಕಳಿಗೆ ಬರುವುದಿಲ್ಲ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ಈ ಕಾಯಿಲೆ ಬರಬಹುದು. ಆದುದರಿಂದ “ಇದು ನಿಮ್ಮ ತವರಿನಿಂದ ಬಂದದ್ದು” ಎಂದು ಹೆಂಡತಿಯನ್ನು ಹಂಗಿಸುವುದು ಅನ್ಯಾಯ ಮಾತ್ರವಲ್ಲ, ಅಜ್ಞಾನವೂ ಹೌದು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ನಾಡಿನ ಹಿರಿಮೆ

ಮನೋರೋಗಕ್ಕೆ ದೂರದ ದೊಡ್ಡ ನಗರಕ್ಕೇ ಹೋಗಬೇಕೆಂದು ಬಹಳ ಜನ ತಿಳಿದಿದ್ದಾರೆ. ಈ ತಪ್ಪು ತಿಳುವಳಿಕೆಯನ್ನು ದೇಶದಲ್ಲಿ ಮೊಟ್ಟಮೊದಲಿಗೆ ಹೋಗಲಾಡಿಸಿದ ಜಿಲ್ಲೆಗಳಲ್ಲಿ ನಮ್ಮದು ಪ್ರಮುಖವಾದುದೆಂಬುದು ನಿಮಗೆ ತಿಳಿದಿರಲಿ.

1982ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ನಿಮ್ಹಾನ್ಸ್ ಸಂಸ್ಥೆಯು ಆರಿಸಿಕೊಂಡದ್ದು ಬಳ್ಳಾರಿ ಜಿಲ್ಲೆಯನ್ನು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದುವು. ಹೊಸಪೇಟೆ ಹಾಗೂ ಹಂಪಿ ವಿಜಯನಗರ ಜಿಲ್ಲೆಗೆ ಸೇರಿದುದು 2021ರಲ್ಲಿ. 1985ರ ಸುಮಾರಿಗೆ ಆರಂಭವಾದ ಆ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಡಲಾಯಿತು. ಅವಶ್ಯಕವಾದ ಕೆಲವೇ ಔಷಧಗಳನ್ನು ಹಳ್ಳಿಗೆ ಸಮೀಪವಿರುವ ಕೇಂದ್ರಗಳಲ್ಲಿಯೇ ದೊರೆಯುವಂತೆ ಮಾಡಲಾಯಿತು. ಪ್ರತಿಯೊಬ್ಬ ರೋಗಿಯ ದಾಖಲೆಯನ್ನೂ ಇಡಲಾಯಿತು. ಮನೋರೋಗಿಗಳನ್ನು ದೊಡ್ಡ ಆಸ್ಪತ್ರೆಯ ಗೋಡೆಗಳೊಳಗೆ ಇರಿಸದೆ, ಮನೆಯಲ್ಲಿಟ್ಟುಕೊಂಡೇ ಸಾಮಾನ್ಯ ವೈದ್ಯರಿಂದ ಚಿಕಿತ್ಸೆ ಕೊಡಿಸಬಹುದೆಂಬುದು ಇದರಿಂದ ತಿಳಿಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದನ್ನೇ ತಳಹದಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಗಿ, ಇಂದು ದೇಶದ ಬಹುಪಾಲು ಜಿಲ್ಲೆಗಳಲ್ಲಿ ನಡೆಯುತ್ತಿದೆ. ನಿಮ್ಮ ತಂದೆತಾಯಿಗಳ ಕಾಲದ ಹಳ್ಳಿಯವರು ದೇಶಕ್ಕೇ ದಾರಿ ತೋರಿಸಿದರು. ಆ ದಾರಿಯಲ್ಲಿ ನಡೆಯಲು ನಾವು ಸಂಕೋಚಪಡಬೇಕಾಗಿಲ್ಲ.

ಆದುದರಿಂದ ಮೊದಲು ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯೊಡನೆ ಮಾತನಾಡಿರಿ. ಮನೋಚೈತನ್ಯ ಕಾರ್ಯಕ್ರಮದ ಮೇರೆಗೆ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ, ಸಾಮಾನ್ಯವಾಗಿ ಮಂಗಳವಾರ, ಬರುವ ಏರ್ಪಾಡಿದೆ. ದಿನವನ್ನು ಮೊದಲೇ ವಿಚಾರಿಸಿಕೊಂಡು ಹೊರಡಿರಿ. ಹೆಚ್ಚಿನ ಚಿಕಿತ್ಸೆ ಅವಶ್ಯವಾದರೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸಲಾಗುವುದು. ಮನೆಯಿಂದ ಹೊರಡಲಾಗದಿದ್ದರೆ 14416 ಎಂಬ ದೂರವಾಣಿ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. 2022ರ ಅಕ್ಟೋಬರ್ ತಿಂಗಳಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆಗೆ ಶುಲ್ಕವಿಲ್ಲ.

ಔಷಧ ಸೇವನೆಯಲ್ಲಿ ಗಮನಿಸಬೇಕಾದ ಅಂಶಗಳು

ಪ್ರತಿಯೊಂದು ಮಾನಸಿಕ ತೊಂದರೆಗೂ ಮಾತ್ರೆ ಬೇಕಿಲ್ಲ. ಅಲ್ಪ ಪ್ರಮಾಣದ ಖಿನ್ನತೆ, ಆತಂಕಗಳು ಆಪ್ತ ಸಮಾಲೋಚನೆಯಿಂದಲೇ ಎಷ್ಟೋ ಕಡಿಮೆಯಾಗುತ್ತವೆ. ಚಿತ್ತವಿಕಲತೆ, ಉನ್ಮಾದ, ತೀವ್ರ ಖಿನ್ನತೆಗಳಿಗೆ ಮಾತ್ರ ಔಷಧವು ಅವಶ್ಯ.

ನೋವಿನ ಮಾತ್ರೆಯಂತೆ ಈ ಔಷಧಗಳು ಒಂದು ಗಂಟೆಯಲ್ಲಿ ಗುಣ ತೋರಿಸುವುದಿಲ್ಲ. ಗದ್ದೆಗೆ ಗೊಬ್ಬರ ಹಾಕಿದ ಮರುದಿನವೇ ತೆನೆ ಮೂಡುವುದಿಲ್ಲವಷ್ಟೆ? ಹಾಗೆಯೇ ಇಲ್ಲಿಯೂ ಎರಡರಿಂದ ಆರು ವಾರ ಕಾಯಬೇಕಾಗುತ್ತದೆ. ಆರಂಭದಲ್ಲಿ ತೂಕಡಿಕೆ, ಕೈನಡುಕ, ಮೈ ಬಿಗಿತ, ಬಾಯಿ ಒಣಗುವುದು, ತೂಕ ಹೆಚ್ಚುವುದು ಮೊದಲಾದ ತೊಂದರೆಗಳು ಕಾಣಿಸಬಹುದು. ಇವುಗಳನ್ನು ವೈದ್ಯರಿಗೆ ತಿಳಿಸಿದರೆ ಪ್ರಮಾಣವನ್ನು ಬದಲಿಸುತ್ತಾರೆ. ನೀವಾಗಿಯೇ ನಿಲ್ಲಿಸಬಾರದು. ಮೊದಲ ಬಾರಿ ಚಿತ್ತವಿಕಲತೆ ಬಂದವರು ಗುಣವಾದ ಮೇಲೆಯೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಔಷಧವನ್ನು ಮುಂದುವರಿಸಬೇಕಾಗುತ್ತದೆ. ಮಾತ್ರೆಗಳನ್ನು ತಂದೆಯೋ ತಾಯಿಯೋ ತಮ್ಮ ವಶದಲ್ಲಿಟ್ಟುಕೊಂಡು, ದಿನವೂ ಗೊತ್ತಾದ ಹೊತ್ತಿಗೆ ತಾವೇ ಕೊಡಬೇಕು.

ಮನೆಯ ನಡವಳಿಕೆ ಹೇಗಿರಬೇಕು?

ಔಷಧವು ಅರ್ಧ ಚಿಕಿತ್ಸೆ, ಇನ್ನರ್ಧ ಮನೆಯಲ್ಲಿದೆ. ಸದಾ ಟೀಕೆ, ಕೂಗಾಟ, ಹಂಗಿಸುವಿಕೆ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂಬುದು ಅಧ್ಯಯನಗಳಿಂದ ದೃಢಪಟ್ಟಿದೆ. ಆದುದರಿಂದ ಈ ಕ್ರಮಗಳನ್ನು ಅನುಸರಿಸಿರಿ.

ಮಗುವು ಇಲ್ಲದ ಧ್ವನಿ ಕೇಳಿಸುತ್ತದೆಂದು ಹೇಳಿದರೆ ನಗಬೇಡಿರಿ, ವಾದಿಸಬೇಡಿರಿ, ಹೌದೆಂದು ಒಪ್ಪಿಕೊಳ್ಳಲೂ ಬೇಡಿರಿ. “ನನಗೆ ಕೇಳಿಸುತ್ತಿಲ್ಲವಪ್ಪ, ಆದರೆ ನಿನಗೆ ಭಯವಾಗಿದೆಯೆಂದು ಗೊತ್ತು. ನಾನು ನಿನ್ನ ಜೊತೆ ಇದ್ದೇನೆ” ಎಂದು ಹೇಳಿರಿ. ಮಾತು ಚಿಕ್ಕದಾಗಿಯೂ ಮೆತ್ತಗೆಯೂ ಇರಲಿ.

ಏಳುವ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು ಗೊತ್ತಾಗಿರಲಿ. ನೀರು ತುಂಬುವುದು, ದನಕ್ಕೆ ಮೇವು ಹಾಕುವುದು ಮೊದಲಾದ ಸಣ್ಣ ಕೆಲಸವೊಂದನ್ನು ವಹಿಸಿರಿ. ಮಾಡಿದಾಗ ಒಂದು ಒಳ್ಳೆಯ ಮಾತನ್ನು ಹೇಳಿರಿ. ಮಾಡದ ದಿನ ಸುಮ್ಮನಿರಿ. ಮೈಗಳ್ಳತನವೆಂದು ನಿಮಗೆ ತೋರುವುದು ಅನೇಕ ವೇಳೆ ಕಾಯಿಲೆಯ ಭಾಗವೇ ಆಗಿರುತ್ತದೆ.

ಶಾಲೆಯ ಮುಖ್ಯೋಪಾಧ್ಯಾಯರಿಗೆ ವಿಷಯವನ್ನು ತಿಳಿಸಿರಿ. ಸ್ವಲ್ಪ ಕಾಲ ಅರ್ಧ ದಿನ ಹೋಗುವಂತೆ ಏರ್ಪಡಿಸಿಕೊಳ್ಳಬಹುದು. ಒಂದು ವರ್ಷ ಹಿಂದೆ ಬಿದ್ದರೆ ಬದುಕೇ ಮುಳುಗಿಹೋಗುವುದಿಲ್ಲ.

ಗಂಡ ಹೆಂಡಿರು ಪರಸ್ಪರ ಆಸರೆಯಾಗಬೇಕು

ಸಂಡೂರಿನ ಗಣಿಗಳಲ್ಲಿ ಪಾಳಿಯ ಮೇಲೆ ದುಡಿಯುವ, ಅದಿರಿನ ಲಾರಿ ನಡೆಸುವ ತಂದೆಯು ಎಷ್ಟೋ ರಾತ್ರಿ ಮನೆಯಲ್ಲಿರುವುದಿಲ್ಲ. ಆಗ ನಿದ್ದೆಗೆಟ್ಟ ಮಗನನ್ನು ಕಾಯುವ ಭಾರವೆಲ್ಲ ತಾಯಿಯ ಮೇಲೆ ಬೀಳುತ್ತದೆ. ಕೆಲವು ತಿಂಗಳಲ್ಲಿ ಆಕೆಯೇ ಕಾಯಿಲೆ ಬೀಳುವುದನ್ನು ನಾವು ಕಾಣುತ್ತೇವೆ. ಇನ್ನು ಕೆಲವು ಮನೆಗಳಲ್ಲಿ ತಂದೆಯು ತನ್ನ ದುಃಖವನ್ನು ಯಾರಲ್ಲಿಯೂ ಹೇಳಿಕೊಳ್ಳಲಾರದೆ ಕುಡಿತಕ್ಕೆ ಇಳಿಯುತ್ತಾನೆ. ಅತ್ತೆಯು ಸೊಸೆಯನ್ನೂ, ಗಂಡನು ಹೆಂಡತಿಯನ್ನೂ ದೂರುತ್ತ ಹೋದರೆ ರೋಗಿಯಾದ ಮಗುವು ಆ ಜಗಳಕ್ಕೆ ತಾನೇ ಕಾರಣವೆಂದು ಬಗೆದು ಇನ್ನಷ್ಟು ಕುಗ್ಗುತ್ತದೆ.

ಆದುದರಿಂದ ಕೆಲಸವನ್ನು ಹಂಚಿಕೊಳ್ಳಿರಿ. ಒಬ್ಬರು ಎಚ್ಚರವಿದ್ದ ರಾತ್ರಿಯ ಮರುದಿನ ಇನ್ನೊಬ್ಬರು ನೋಡಿಕೊಳ್ಳಲಿ. ಆಸ್ಪತ್ರೆಗೆ ಒಮ್ಮೆಯಾದರೂ ಇಬ್ಬರೂ ಕೂಡಿ ಬನ್ನಿರಿ. ವೈದ್ಯರ ಮಾತನ್ನು ಇಬ್ಬರೂ ಕೇಳಿದರೆ ಮನೆಯಲ್ಲಿ ತರ್ಕವಿರುವುದಿಲ್ಲ. ನಂಬಿಕೆಯುಳ್ಳ ಒಬ್ಬ ಬಂಧುವಿಗೋ ನೆರೆಯವರಿಗೋ ವಿಷಯವನ್ನು ತಿಳಿಸಿ, ಅವರ ನೆರವು ಪಡೆಯಿರಿ. ಉಳಿದ ಮಕ್ಕಳನ್ನು ಮರೆಯಬೇಡಿರಿ. ಅಣ್ಣನಿಗೆ ಏನಾಗಿದೆಯೆಂದು ತಂಗಿಗೂ ಸರಳವಾಗಿ ಹೇಳಿರಿ, ಆಕೆಯ ಓದನ್ನು ಬಿಡಿಸಿ ಕಾವಲಿಗೆ ಕೂರಿಸಬೇಡಿರಿ. ತಂದೆತಾಯಿಗಳಿಗೆ ಸಿಟ್ಟು, ಬೇಸರ, ನಾಚಿಕೆ ಉಂಟಾಗುವುದು ಸಹಜ. ಹಾಗಾಯಿತೆಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಕಾಗಿಲ್ಲ. ಹಿಂದೆ ಹೊಡೆದಿದ್ದರೆ ಇಂದಿನಿಂದ ಹೊಡೆಯುವುದನ್ನು ಬಿಡಿರಿ. ಅದೇ ಸಾಕಾದ ಪ್ರಾಯಶ್ಚಿತ್ತ.

ಪ್ರಾಣಾಪಾಯದ ಸೂಚನೆಗಳು

“ನಾನು ಇರಬಾರದಿತ್ತು”, “ನಾನು ಹೋದರೆ ನಿಮಗೆಲ್ಲ ನೆಮ್ಮದಿ” ಮೊದಲಾದ ಮಾತುಗಳನ್ನು ಹಟವೆಂದು ಅಲಕ್ಷಿಸಬಾರದು. ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ಕೈ ಕೊಯ್ದುಕೊಳ್ಳುವುದು ಇವೂ ಎಚ್ಚರಿಕೆಯ ಚಿಹ್ನೆಗಳು. “ಸಾಯಬೇಕೆಂದು ಅನಿಸುತ್ತದೆಯೇ?” ಎಂದು ನೇರವಾಗಿ, ಮೆಲ್ಲಗೆ ಕೇಳಿರಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇರುವ ಭಾರ ಇಳಿಯುತ್ತದೆ.

ತುಂಗಭದ್ರೆಯ ಕಾಲುವೆಯ ಕೆಳಗಿನ ಭತ್ತ, ಬಾಳೆ, ಕಬ್ಬಿನ ಊರುಗಳಲ್ಲಿ ಮನೆಮನೆಯಲ್ಲಿಯೂ ಕ್ರಿಮಿನಾಶಕದ ಡಬ್ಬಿಗಳಿರುತ್ತವೆ. ಅವುಗಳನ್ನು ಮನೆಯೊಳಗೆ ಇಡಲೇಬಾರದು. ಬೇರೆಡೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ದುಡುಕಿನ ಆ ಹೊತ್ತು ಅನೇಕ ವೇಳೆ ಅಲ್ಪವೇ ಆಗಿರುತ್ತದೆ. ಆ ಹೊತ್ತಿನಲ್ಲಿ ವಿಷವು ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಅಂತಹ ಮಗುವನ್ನು ಒಂಟಿಯಾಗಿ ಬಿಡಬಾರದು. ವಿಷ ಸೇವಿಸಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108 ವಾಹನವನ್ನು ಕರೆಯಿಸಿ, ವಿಷದ ಡಬ್ಬಿಯನ್ನೂ ಜೊತೆಗೆ ತನ್ನಿರಿ. ಪೊಲೀಸರ ಭಯದಿಂದ ಮುಚ್ಚಿಡಬೇಡಿರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ನೀಡಬೇಕೆಂದು ಹೇಳುತ್ತದೆ.

ಹರಕೆ, ಮದುವೆ ಮತ್ತು ಸರಪಳಿ

ಹುಲಿಗೆಮ್ಮನಿಗೆ ಹರಕೆ ಹೊರುವುದನ್ನಾಗಲಿ ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಹೋಗುವುದನ್ನಾಗಲಿ ವೈದ್ಯರು ಬೇಡವೆನ್ನುವುದಿಲ್ಲ. ದೇವರ ಮೇಲಿನ ಭಕ್ತಿಯಿಂದ ನಿಮ್ಮ ಮನಸ್ಸಿಗೆ ಧೈರ್ಯ ಬರುವುದಾದರೆ ಅದು ಒಳ್ಳೆಯದೇ. ಆದರೆ ಹರಕೆ ತೀರುವವರೆಗೆ ಮಾತ್ರೆ ಬೇಡವೆಂದು ನಿಲ್ಲಿಸಬಾರದು. ದೆವ್ವ ಬಿಡಿಸುವೆವೆಂದು ಹೊಡೆಯುವ, ಬರೆ ಹಾಕುವ, ಉಪವಾಸ ಕೆಡಹುವ ಜನರ ಕೈಗೆ ಮಗುವನ್ನು ಒಪ್ಪಿಸಬಾರದು.

“ಮದುವೆ ಮಾಡಿದರೆ ಸರಿಹೋಗುತ್ತದೆ” ಎಂಬುದು ಇನ್ನೊಂದು ತಪ್ಪು ನಂಬಿಕೆ. ಮದುವೆಯು ಯಾವ ಮನೋರೋಗಕ್ಕೂ ಔಷಧವಲ್ಲ. ಹೊಸ ಹೊಣೆಯಿಂದ ಕಾಯಿಲೆ ಉಲ್ಬಣಿಸುವ ಸಂಭವವುಂಟು. ಮತ್ತೊಂದು ಮನೆಯ ಮಗುವಿಗೂ ಕಷ್ಟ ತಗಲುತ್ತದೆ. ಅಲ್ಲದೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬುವ ಮೊದಲು ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ.

ಓಡಿಹೋಗುವನೆಂಬ ಭಯದಿಂದ ಮಗನನ್ನು ಕಂಬಕ್ಕೆ ಕಟ್ಟುವ ತಂದೆತಾಯಿಗಳ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಒಂದು ಆಶ್ರಯಸ್ಥಾನಕ್ಕೆ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದ ಕಾರಣ ತಪ್ಪಿಸಿಕೊಳ್ಳಲಾರದೆ 28 ಮಂದಿ ಮಡಿದರು. ಸರಪಳಿ ಹಾಕುವುದನ್ನು 2017ರ ಕಾಯ್ದೆಯು ಸಂಪೂರ್ಣವಾಗಿ ನಿಷೇಧಿಸಿದೆ. ಹತೋಟಿಗೆ ಬಾರದ ಉದ್ರೇಕವಿದ್ದರೆ ಆಸ್ಪತ್ರೆಗೆ ಕರೆತನ್ನಿರಿ. ಚುಚ್ಚುಮದ್ದಿನಿಂದ ಶಾಂತಗೊಳಿಸುವ ಉಪಾಯವಿದೆ. ಕಾಯಿಲೆ ದೀರ್ಘಕಾಲ ಉಳಿದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮನೋರೋಗವೂ ಸೇರಿರುವುದರಿಂದ, ಅರ್ಹರಾದವರು ಪ್ರಮಾಣಪತ್ರ ಪಡೆದು ಸರ್ಕಾರದ ಸೌಲಭ್ಯಗಳನ್ನು ಕೋರಬಹುದು.

ಕೊನೆಯ ಮಾತು

ಎಲ್ಲ ಮಕ್ಕಳೂ ಮೊದಲಿನಂತೆಯೇ ಆಗುವರೆಂದು ಭರವಸೆ ಕೊಡುವುದು ಸರಿಯಲ್ಲ. ಕೆಲವರು ಪೂರ್ಣವಾಗಿ ಗುಣವಾಗುತ್ತಾರೆ. ಕೆಲವರು ಔಷಧದ ನೆರವಿನಿಂದ ಚೆನ್ನಾಗಿ ಬದುಕುತ್ತಾರೆ. ಕೆಲವರಿಗೆ ಬಹುಕಾಲ ಆಸರೆ ಬೇಕಾಗುತ್ತದೆ. ಆದರೆ ಬೇಗನೆ ಚಿಕಿತ್ಸೆಗೆ ಬಂದವರು ತಡವಾಗಿ ಬಂದವರಿಗಿಂತ ಮೇಲಾಗಿ ಚೇತರಿಸಿಕೊಳ್ಳುವರೆಂಬುದು ನಿಶ್ಚಯ. ಊರವರ ಮಾತಿಗೆ ಅಂಜಿ ಕಳೆಯುವ ದಿನಗಳು ನಿಮ್ಮ ಮಗುವಿನ ಬಾಳಿನಿಂದ ಕಳೆಯುವ ದಿನಗಳು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮನೋರೋಗವು ಪಾಪದ ಫಲವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆಯುಂಟು.
2. ಎರಡು ವಾರ ಮೀರಿದ ಬದಲಾವಣೆಯನ್ನು ವೈದ್ಯರಿಗೆ ತೋರಿಸಿರಿ.
3. ಗುಣ ಕಂಡಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿರಿ.
4. ಕ್ರಿಮಿನಾಶಕಕ್ಕೆ ಬೀಗ ಹಾಕಿರಿ.
5. ಗಂಡ ಹೆಂಡತಿ ದೂರುವುದನ್ನು ಬಿಟ್ಟು ಹೊಣೆಯನ್ನು ಹಂಚಿಕೊಳ್ಳಿರಿ.
6. ಸಲಹೆಗೆ 14416, ತುರ್ತು ವಾಹನಕ್ಕೆ 108.

ಚರ್ಚಿಸಬೇಕಾದ ಪ್ರಶ್ನೆಗಳು

1. ಹರೆಯದ ಸಹಜ ಸಿಟ್ಟಿಗೂ ಕಾಯಿಲೆಯ ಲಕ್ಷಣಕ್ಕೂ ಇರುವ ವ್ಯತ್ಯಾಸಗಳಾವುವು?
2. ಈ ಪಾಠದ ಆರಂಭದಲ್ಲಿ ಹೇಳಿದ ಕುಟುಂಬವು ಯಾವ ಎರಡು ತಪ್ಪುಗಳನ್ನು ತಪ್ಪಿಸಬಹುದಿತ್ತು?
3. ನಿಮ್ಮ ಮನೆಯಲ್ಲಿ ಕ್ರಿಮಿನಾಶಕವನ್ನು ಈಗ ಎಲ್ಲಿ ಇಟ್ಟಿದ್ದೀರಿ? ಇಂದು ಸಂಜೆಯೊಳಗೆ ಅದನ್ನು ಎಲ್ಲಿಗೆ ಸಾಗಿಸುವಿರಿ?